ವರ್ಸೇಲ್ಸ್ ಅರಮನೆ ಮತ್ತು ವಾರಶೂಲೆ

ನನ್ನ ತಂಗಿಯ ಮೊಮ್ಮಗಳು ಕಳೆದ ತಿಂಗಳು ಪ್ರವಾಸದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಪೇಢೆಯ ಡಬ್ಬಿ ಹಿಡಿದುಕೊಂಡು ನಾಗಪುರದ ಬಜಾಜ್ ನಗರದ ನಮ್ಮ ಮನೆಗೆ ಬಂದವಳು, “ಅಜ್ಜಾ, ನೀವೂ ಇದೇ ಲೈನಿನಾಗ ಇದ್ರಂತ. ಕಂಪ್ಯೂಟರ್ ಇಲ್ಲದ ದಿನಾ ಆಫೀಸಿಗೆ ಹೋಗಿ ಮಾಡ್ತಿದ್ದದ್ದರೆ ಏನು?” ಎಂದು ಕೇಳಿದಳು. ಅವಳು ಕೇಳಿದ ಧಾಟಿ ನೋಡಿದರೆ, ನಾನು ಮೂವತ್ತಾರು ವರ್ಷ ಕುರ್ಚಿಯಲ್ಲಿ ಕುಳಿತು ನೊಣ ಹೊಡೆದು ಸಂಬಳ ತಂದವನೆಂಬ ಅನುಮಾನ ಇದ್ದಂತಿತ್ತು. ಬಾಯಿಂದ ಉತ್ತರ ಹೇಳಿದರೆ ಅರ್ಧಕ್ಕೇ ಫೋನು ನೋಡಲು ಶುರು ಮಾಡುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ. ಅವಳಿಗೆ ಕನ್ನಡ ಓದುವುದು ತಡವರಿಕೆ. ಅವಳ ಅಜ್ಜಿ ಓದಿ ಹೇಳಲಿ.

ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುವಾಗ ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಡುತ್ತೇನೆ. ಹಾರ ಹಾಕಿಸಿಕೊಳ್ಳುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಮಾಡಿದ ತಪ್ಪುಗಳ ಬಗ್ಗೆ ಬರೆಯುತ್ತೇನೆ. ಅವು ಬೇಕಾದಷ್ಟಿವೆ. ಒಂದನ್ನಂತೂ ಈಗಲೂ ಸ್ನಾನದ ಮನೆಯಲ್ಲಿ ಒಬ್ಬನೇ ಇದ್ದಾಗ ನೆನೆದು “ಥೂ” ಎನ್ನುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ನಡುವೆ. ನಾಗಪುರ ಆಗಿನ್ನೂ ಮಧ್ಯಪ್ರದೇಶದ ರಾಜಧಾನಿ. ಧಾರವಾಡದ ಕಡೆಯ ನಮ್ಮಪ್ಪ ರೈಲ್ವೆ ಗಾರ್ಡ್ ಆಗಿ ಇಲ್ಲಿಗೆ ಬಂದು, ಬಿಸಿಲನ್ನು ದಿನಾ ಬೈಯುತ್ತಾ ಇಲ್ಲೇ ನೆಲೆ ನಿಂತರು. ಸದರ್ ಬಜಾರಿನ ಒಂದು ಮಹಡಿಯ ಮೇಲೆ ಸೋರಾಬ್ ಸಾಹೇಬರ ಪ್ರವಾಸದ ಆಫೀಸು ಇತ್ತು. ಸಾಹೇಬರು ಪಾರ್ಸಿ, ದುಂಡು ಮೈ, ಎಂಥ ಬೇಸಿಗೆಯಲ್ಲೂ ಕೋಟಿನ ಗುಂಡಿ ಬಿಚ್ಚುತ್ತಿರಲಿಲ್ಲ. ಆಫೀಸೆಂದರೆ ಅವರು, ನಾನು, ಒಂದು ಟೈಪ್‌ರೈಟರು, ಗೋಡೆಗೆ ಯುರೋಪಿನ ನಕಾಶೆ, ಮತ್ತು ಇಟ್ಟಿಗೆಯಷ್ಟು ದಪ್ಪದ ವಿಲಾಯತಿ ರೈಲುಗಳ ವೇಳಾಪಟ್ಟಿ. ಇಷ್ಟನ್ನು ಇಟ್ಟುಕೊಂಡು ನಾವಿಬ್ಬರು ಗಿರಣಿ ಮಾಲೀಕರನ್ನು, ವಕೀಲರನ್ನು, ಓದಲು ಹೋಗುವ ಹುಡುಗರನ್ನು ಸಮುದ್ರದಾಚೆ ಕಳಿಸುತ್ತಿದ್ದೆವು. ನಾನು ಸಮುದ್ರವನ್ನೇ ನೋಡಿರಲಿಲ್ಲ. ಆದರೂ ವಿಯೆನ್ನಾದಲ್ಲಿ ಯಾವ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬದಲಿಸಬೇಕೆಂದು ದೊಡ್ಡ ದೊಡ್ಡವರಿಗೆ ಗತ್ತಿನಿಂದ ಹೇಳುತ್ತಿದ್ದೆ. ಅವರೂ ನಂಬುತ್ತಿದ್ದರು, ಪಾಪ.

ಎಲ್ಲವೂ ಪತ್ರದ ಮೇಲೆ ನಡೆಯುತ್ತಿತ್ತು. ಹೋಟೆಲ್ಲಿಗೆ ಒಂದು ಪತ್ರ ಬರೆದು, ಉತ್ತರ ಬರುವವರೆಗೆ ಇನ್ನೊಂದು ಹತ್ತು ಪತ್ರ ಬರೆಯಬೇಕು. ವಿಮಾನದ ಅಂಚೆಯಾದರೆ ವಾರದಲ್ಲಿ ಮುಟ್ಟುತ್ತಿತ್ತು. ಹಡಗಿನ ಅಂಚೆಯಾದರೆ ಗಿರಾಕಿ ಹೋಗಿ ಬಂದ ಮೇಲೆ ಉತ್ತರ ಬಂದದ್ದೂ ಉಂಟು. ಒಂದು ಹೆಚ್ಚುಕಡಿಮೆಯಾದರೆ ತಿದ್ದಲು ಪುರುಸೊತ್ತೇ ಇರುತ್ತಿರಲಿಲ್ಲ. ಅದಕ್ಕೇ ಸೋರಾಬ್ ಸಾಹೇಬರು ಸೇರಿದ ದಿನವೇ ತಮ್ಮ ಹಿಂದಿಯಲ್ಲಿ ನನಗೆ ಹೇಳಿದ್ದರು: “ಡೀಕ್ರಾ, ಮಗನೇ, ಗಿರಾಕಿ ಏನು ಕೇಳಿದರೂ ಬರೆದುಕೋ. ಹುಚ್ಚು ಪ್ರಶ್ನೆ ಅನ್ನಿಸಿದರೆ ಎರಡು ಸಲ ಬರೆದುಕೋ.”

ನಾನು ಬರೆದುಕೊಂಡೆ. ಬರೆದುಕೊಂಡದ್ದೇ ಒಮ್ಮೆ ತಾಪತ್ರಯವಾಯಿತು. ಒಬ್ಬ ವಕೀಲರು, ಬಹಳ ಮಡಿಯವರು, ಊಟಕ್ಕೆ ಮುಂಚೆ ಪ್ರತಿ ಸಲವೂ ಸ್ನಾನ ಆಗಲೇಬೇಕು ಎಂದರು. ಆಗಿನ ವಿಲಾಯತಿ ಹೋಟೆಲುಗಳಲ್ಲಿ ಸ್ನಾನದ ಕೋಣೆ ಎಲ್ಲರಿಗೂ ಸೇರಿ ಒಂದೇ, ಮೊದಲೇ ಹೇಳಿ ಸರದಿ ಹಿಡಿಯಬೇಕು. ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಸ್ನಾನವೆಂದು ಜಿನೀವಾದ ಹೋಟೆಲ್ಲಿಗೆ ಠಾಕುಠೀಕಾಗಿ ಪತ್ರ ಬರೆದೆ. ಬಂದ ಉತ್ತರದಲ್ಲಿ, ನಿಮ್ಮ ಅತಿಥಿಯ ಚರ್ಮರೋಗ ಅಂಟುವಂಥದ್ದಲ್ಲವೆಂದು ಡಾಕ್ಟರರ ಚೀಟಿ ಕಳಿಸಿರಿ ಎಂದಿತ್ತು. ವಕೀಲರಿಗೆ ಆ ಪತ್ರ ತೋರಿಸುವ ಧೈರ್ಯ ನನಗಾಗಲಿಲ್ಲ. ಸಾಹೇಬರೇ ತೋರಿಸಿದರು, ಆಮೇಲೆ ಒಂದು ವಾರ ನನ್ನನ್ನು ನೋಡಿದಾಗಲೆಲ್ಲ ತೋಳು ಕೆರೆದುಕೊಂಡರು.

ಇನ್ನು ದೊಡ್ಡ ತಪ್ಪಿಗೆ ಬರುತ್ತೇನೆ. ಅದು ಬರೆದುಕೊಳ್ಳದೇ ಆದದ್ದು.

ಆಗ ನಾವಿದ್ದ ಧಂತೋಲಿ ಬಡಾವಣೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಹಣಮಂತರಾಯರು ಇದ್ದರು. ನಾನು ಅವರನ್ನು ಕಾಕಾ ಎಂದೂ ಅವರ ಹೆಂಡತಿ ಅಂಬಾಬಾಯಿಯವರನ್ನು ಕಾಕು ಎಂದೂ ಕರೆಯುತ್ತಿದ್ದೆ. ಕಾಕಾ ಊರಿನ ನೀರು ಸರಬರಾಜಿನಲ್ಲಿ ವಾಲ್ವ್‌ಮನ್ ಆಗಿ ಸೇರಿ, ಕಡೆಯ ವರ್ಷ ಇನ್ಸ್‌ಪೆಕ್ಟರ್ ಎನ್ನಿಸಿಕೊಂಡು ನಿವೃತ್ತರಾದವರು. ವಾಲ್ವ್‌ಮನ್ ಎಂದರೆ ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳಗಾದರೆ ಓಣಿ ಓಣಿ ತಿರುಗಿ, ರಸ್ತೆಯ ಗುಂಡಿಯೊಳಗಿನ ವಾಲ್ವ್ ತಿರುವಿ ನೀರು ಬಿಡುವವನು. ಅವರ ಒಬ್ಬಳೇ ಮಗಳು ಸುಶೀಲಾ ಲಂಡನ್ನಿನಲ್ಲಿ ಡಾಕ್ಟರಿಕೆಯ ದೊಡ್ಡ ಪರೀಕ್ಷೆ ಪಾಸಾಗಿದ್ದಳು. ಪದವಿ ಕೊಡುವ ಸಮಾರಂಭಕ್ಕೆ ಅಪ್ಪ ಅವ್ವ ಬರಲೇಬೇಕು, ಮೂವರೂ ಕೂಡಿ ನಾಗಪುರಕ್ಕೆ ವಾಪಸಾಗೋಣ ಎಂದು ಹಟ ಹಿಡಿದಿದ್ದಳು. ಮುಂಬಯಿಯಿಂದ ಹಡಗು, ಮಾರ್ಸೇಲ್ಸ್ ಬಂದರಿನಲ್ಲಿ ಇಳಿದು ರೈಲಿನಲ್ಲಿ ಪ್ಯಾರಿಸ್, ಅಲ್ಲಿ ಆರು ದಿನ, ಆಮೇಲೆ ಲಂಡನ್. ಇದು ನಾನು ಹಾಕಿದ ಬೇತು.

ಕಾಕಾ ಆಫೀಸಿಗೆ ಬಂದು, ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಒಂದು ಚಿತ್ರ ತೆಗೆದರು. ಯಾವುದೋ ಹಳೆಯ ಕ್ಯಾಲೆಂಡರಿನದು. ವರ್ಸೇಲ್ಸ್ ಅರಮನೆ, ಅದರ ಮುಂದೆ ಕಣ್ಣು ಹಾಯುವಷ್ಟು ದೂರ ತೋಟ, ತೋಟದ ತುಂಬ ಕಾರಂಜಿ.

“ಪ್ಯಾರಿಸಿನಾಗ ಏನೇನು ತೋರಸ್ತೀ?”

“ಕಬ್ಬಿಣದ ಗೋಪುರ, ದೊಡ್ಡ ಚರ್ಚು, ಮ್ಯೂಸಿಯಂ, ಇನ್ನ…”

“ಅವನ್ನೆಲ್ಲಾ ನಿಮ್ಮ ಕಾಕೂಗ ತೋರಸು. ನನಗ ಇದೊಂದ ಸಾಕು.” ಚಿತ್ರದ ಮೇಲೆ ಬೆರಳಿಟ್ಟರು. “ಇದಕ್ಕ ಪಂಪ್ ಇಲ್ಲೋ ಶ್ರೀಪಾದಾ. ಎತ್ತರದಾಗ ಟಾಕಿ, ನೆಲದಾಗ ಕೊಳವಿ. ಬರೇ ಇಳಿಜಾರಿನ ಮ್ಯಾಲೆ ಇಷ್ಟೆತ್ತರ ಹಾರತದ. ರಾಜನ ಕಾಲದ ಕೊಳವಿ, ಇನ್ನೂ ಅವ ನಡದಾವ!”

ನಾನು ಹೂಂ ಎಂದು ತಲೆಯಾಡಿಸಿದೆ. ಕಾಕಾ ಚಿತ್ರವನ್ನು ಮತ್ತೆ ಮಡಿಸುತ್ತ ಇನ್ನೊಂದು ಮಾತು ಹೇಳಿದರು. ಅವರು ಸಾಮಾನ್ಯವಾಗಿ ತಮ್ಮ ಬಗ್ಗೆ ಮಾತಾಡುವವರಲ್ಲ.

“ಮೂವತ್ತೊಂದು ವರ್ಷ ಈ ಊರಿಗೆ ನೀರು ಬಿಟ್ಟೇನಿ. ವಾಲ್ವ್ ತಿರುವಿದ ಕೂಡಲೇ ಮನಿಯೊಳಗ ನೀರು ಬರೂದಿಲ್ಲ, ಕೊಳವಿ ತುಂಬಬೇಕು, ಹತ್ತು ನಿಮಿಷರೆ ಬೇಕು. ಅಷ್ಟರಾಗ ನಾ ಮುಂದಿನ ಓಣಿಯಾಗ ಇರ್ತಿದ್ದೆ. ನಾ ಬಿಟ್ಟ ನೀರು ಬಂದದ್ದನ್ನ ಒಂದ ದಿನಾನೂ ನಿಂತು ನೋಡಿಲ್ಲ. ನಮ್ಮ ಮನಿಯಾಗೂ ನೋಡಿಲ್ಲ. ಒಮ್ಮೆ ಸುಮ್ಮನ ನಿಂತು ನೋಡಬೇಕಪಾ, ನೀರು ಏರೂದನ್ನ.”

ಆಮೇಲೆ ಕೇಳಿದರು: “ಅಲ್ಲೆ ನೀರು ಯಾವ ಯಾವ ದಿನಾ ಬಿಡ್ತಾರ? ಎಷ್ಟು ಹೊತ್ತಿಗೆ?”

ನಾನು ನಕ್ಕುಬಿಟ್ಟೆ. “ಕಾಕಾ, ಅದು ಅರಮನಿ ಅದರೀ. ನಮ್ಮ ಧಂತೋಲಿ ಅಲ್ಲ. ಅಲ್ಲೆ ನೀರಿಗೇನು ಟೈಮು?”

ಕಾಕಾ ಕೂಡ ನಕ್ಕರು. “ಅದೂ ಖರೇನ ಅನ್ನು,” ಎಂದರು. ಮೂವತ್ತೊಂದು ವರ್ಷ ನೀರಿನ ಕೆಲಸ ಮಾಡಿದವರು, ಕಾರಂಜಿ ಎಂಬುದನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡ ಇಪ್ಪತ್ಮೂರು ವರ್ಷದ ಗುಮಾಸ್ತನ ಮಾತು ನಂಬಿ ತಮ್ಮ ಪ್ರಶ್ನೆ ವಾಪಸು ತೆಗೆದುಕೊಂಡರು. ನಾನು ಅದನ್ನು ಒಂದು ಸಲವೂ ಬರೆದುಕೊಳ್ಳಲಿಲ್ಲ. ಶುಕ್ರವಾರ ಪ್ಯಾರಿಸ್ ಮುಟ್ಟುವುದು, ಭಾನುವಾರ ಅರಮನೆ, ಗುರುವಾರ ಲಂಡನ್ನಿಗೆ ಹೊರಡುವುದು ಎಂದು ಟೈಪ್ ಮಾಡಿದೆ. ಭಾನುವಾರವನ್ನು ಯಾಕೆ ಹಾಕಿದೆನೆಂದು ಕೇಳಿದರೆ, ಕಾಗದದಲ್ಲಿ ಆ ಸಾಲು ಖಾಲಿ ಇತ್ತು, ಅಷ್ಟೇ. ವರ್ಸೇಲ್ಸ್ ಊರಿನ ಪ್ರವಾಸಿ ಕಚೇರಿಗೆ, ಅರಮನೆಯ ಬಾಗಿಲು ಎಷ್ಟು ಗಂಟೆಗೆ ತೆಗೆಯುತ್ತಾರೆಂದು ಒಂದು ಪತ್ರ ಮಾತ್ರ ಹಾಕಿದ್ದೆ.

ನಾಲ್ಕು ದಿನ ಬಿಟ್ಟು ಕಾಕು ಒಬ್ಬರೇ ಆಫೀಸಿಗೆ ಬಂದರು. ಕಂಕುಳಲ್ಲಿ ಚೀಲ, ಚೀಲದಲ್ಲಿ ಪಂಚಾಂಗ. ಸೋರಾಬ್ ಸಾಹೇಬರು ಎದ್ದು ಕುರ್ಚಿ ಕೊಟ್ಟರು. ಕಾಕು ಕುಳಿತು, ನನ್ನ ಟೈಪ್ ಮಾಡಿದ ಹಾಳೆಯನ್ನು ಮೇಜಿನ ಮೇಲೆ ಹರವಿ, ಒಂದೊಂದೇ ಸಾಲಿಗೆ ದಿಕ್ಕು ಕೇಳುತ್ತ ಹೋದರು. ಮುಂಬಯಿ ಯಾವ ದಿಕ್ಕು, ಪ್ಯಾರಿಸಿನಿಂದ ಲಂಡನ್ ಯಾವ ದಿಕ್ಕು. ಇಲ್ಲಿ ಓದುವ ಚಿಕ್ಕವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಪಂಚಾಂಗದಲ್ಲಿ ವಾರಶೂಲೆ ಎಂದಿದೆ. ಇಂತಿಂಥ ವಾರ ಇಂತಿಂಥ ದಿಕ್ಕಿಗೆ ಮನೆ ಬಿಟ್ಟು ಹೊರಡಬಾರದು. ಭಾನುವಾರ ಮತ್ತು ಶುಕ್ರವಾರ ಪಶ್ಚಿಮಕ್ಕೆ ಶೂಲೆ.

“ಹಡಗು ಪಶ್ಚಿಮಕ್ಕನ ಹೋಗೂದಲ್ಲರೀ ಕಾಕು,” ಎಂದೆ. “ಶುಕ್ರವಾರಕ್ಕೊಮ್ಮೆ, ಭಾನುವಾರಕ್ಕೊಮ್ಮೆ ನಡು ಸಮುದ್ರದಾಗ ನಿಲ್ಲಸ್ರಿ ಅಂತ ಕ್ಯಾಪ್ಟನ್‌ಗ ಪತ್ರ ಹಾಕಲೇನು?”

“ಚ್ಯಾಷ್ಟಿ ಸಾಕು. ಹೊರಡೂ ದಿನಾ ನೋಡಬೇಕು. ಹಾದಿಯೊಳಗ ಶೂಲಿ ಇಲ್ಲ. ಆದ್ರ ಒಂದು ಊರಾಗ ಎರಡು ರಾತ್ರಿ ಉಳದು ಮತ್ತ ಹೊಂಟ್ರ ಅದು ಹೊಸಾ ಪಯಣ. ಪ್ಯಾರಿಸಿನಿಂದ ಆ ಅರಮನಿ ಯಾವ ದಿಕ್ಕಿಗದ?”

ಸಾಹೇಬರಿಗೆ ಈ ವಿಚಾರಣೆಯಲ್ಲಿ ವಿಪರೀತ ಆಸಕ್ತಿ ಹುಟ್ಟಿತ್ತು. ನಕಾಶೆಗೆ ಮೂಗು ಹಚ್ಚಿ, ಅಡಿಪಟ್ಟಿ ಇಟ್ಟು ನೋಡಿ, “ಪಶ್ಚಿಮ್. ಬರೋಬರ್ ಪಶ್ಚಿಮ್,” ಎಂದು ಖುಷಿಯಿಂದ ಸಾರಿದರು. ಕಾಕುವಿನ ಮುಖ ಇಳಿಯಿತು.

“ಭಾನುವಾರ ಬ್ಯಾಡ ಶ್ರೀಪಾದಾ,” ಎಂದರು.

ನಾನು ಮತ್ತೆ ಏನೋ ತಮಾಷೆ ಮಾಡಲು ಬಾಯಿ ತೆರೆದೆ. ಕಾಕು ಬಿಡಲಿಲ್ಲ. “ನಮ್ಮಣ್ಣ ಹಿಂಗ ನಕ್ಕಿದ್ದ. ಭಾನುವಾರ ಹೊಳಿ ದಾಟಿ ಪಶ್ಚಿಮಕ್ಕ ಹೋಗಬ್ಯಾಡೋ ಅಂತ ನಾನ ಅಂದಿದ್ದೆ, ಹತ್ತು ವರ್ಷದಾಕಿ. ಜಡಿ ಜಗ್ಗಿ, ನಕ್ಕು ಹೋದ. ತೆಪ್ಪಾ ಮಗಚಿತು.” ಪಂಚಾಂಗ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. “ಇದು ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ಆದ್ರ ನನ್ನ ಕಾಲು ಏಳೂದಿಲ್ಲ. ನಾ ಬರಲಿಲ್ಲಂದ್ರ ಇವರೂ ಹೋಗೂದಿಲ್ಲ. ಇವರಿಗೆ ಹೇಳಬ್ಯಾಡ, ನಗ್ತಾರ. ಸೋಮವಾರ ಹಾಕು.”

ನನಗೆ ನಾಚಿಕೆಯಾಯಿತು. ಭಾನುವಾರವನ್ನು ಹೊಡೆದು ಸೋಮವಾರ ಎಂದು ಹೊಸ ಹಾಳೆ ಟೈಪ್ ಮಾಡಿಕೊಟ್ಟೆ. ಕಾಕಾನಿಗೆ ಹೇಳುವುದಿಲ್ಲವೆಂದು ಮಾತೂ ಕೊಟ್ಟೆ. ಕಾಕು ಹೋಗುವಾಗ ಚೀಲದಿಂದ ಎರಡು ಸಂತ್ರಿ, ನಮ್ಮೂರ ಕಿತ್ತಳೆ ಹಣ್ಣು, ತೆಗೆದು ಮೇಜಿನ ಮೇಲಿಟ್ಟರು. ಒಂದು ಸಾಹೇಬರಿಗೆ, ಒಂದು ನನಗೆ.

ಅವರು ಹೊರಟ ದಿನ ಸ್ಟೇಶನ್ನಿಗೆ ಓಣಿಯ ಕನ್ನಡದವರೆಲ್ಲ ಬಂದಿದ್ದರು. ಕಾಕಾ ಹೊಸ ಬೂಟಿನೊಳಗೆ ಕುಂಟುತ್ತಿದ್ದರು. ಮುಂಬಯಿ ಮೇಲ್ ಹೊರಡುವ ಹೊತ್ತಿಗೆ ಕಿಟಕಿಯಿಂದ ಕೈ ಚಾಚಿ, “ಸೋಮವಾರ, ಹೌದಲ್ಲೋ?” ಎಂದು ಕೇಳಿದರು. “ಸೋಮವಾರ ಕಾಕಾ,” ಎಂದು ನಾನು ಕೂಗಿದೆ.

ಹಡಗು ಮುಂಬಯಿ ಬಿಟ್ಟ ಮಾರನೆಯ ದಿನ ಪ್ರವಾಸಿ ಕಚೇರಿಯಿಂದ ಉತ್ತರ ಬಂತು. ನಾನು ಬರೆದದ್ದು ಇಂಗ್ಲಿಷಿನಲ್ಲಿ, ಅವರು ಬರೆದದ್ದು ಫ್ರೆಂಚಿನಲ್ಲಿ. ಸಾಹೇಬರು ಪತ್ರವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಪರಿಚಯದ ಒಬ್ಬ ಮುದಿ ಫ್ರೆಂಚ್ ಪಾದ್ರಿಗಳ ಬಳಿಗೆ ನನ್ನನ್ನು ಓಡಿಸಿದರು. ಆ ಪಾದ್ರಿಗಳು ಪ್ಯಾರಿಸಿನ ಆಸುಪಾಸಿನವರು, ನಾಗಪುರಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ನನಗಿಂತ ಚೆನ್ನಾಗಿ ಮರಾಠಿ ಮಾತಾಡುತ್ತಿದ್ದರು. ಕನ್ನಡಕ ಏರಿಸಿ ಪತ್ರ ಓದಿ, ಮೊದಲು ನಕ್ಕರು.

“ತೋಟ ದಿನಾ ತೆರೆದಿರುತ್ತದೆ,” ಎಂದರು. “ಆದರೆ ದೊಡ್ಡ ಕಾರಂಜಿಗಳು ಬೇಸಿಗೆಯಲ್ಲಿ ಮಾತ್ರ, ತಿಂಗಳಿಗೆ ಎರಡು ಭಾನುವಾರ ಮಾತ್ರ, ಅದೂ ಸಂಜೆ ಒಂದಷ್ಟು ಹೊತ್ತು. ಎಲ್ಲವನ್ನೂ ದಿನಾ ಹಾರಿಸುವಷ್ಟು ನೀರು ಅಲ್ಲಿ ಯಾವತ್ತೂ ಇರಲಿಲ್ಲ. ರಾಜನ ಕಾಲದಲ್ಲೂ ಅಷ್ಟೇ. ರಾಜ ಬರುವುದನ್ನು ನೋಡಿ ಸಿಳ್ಳೆ ಹಾಕಿ ಮುಂದಿನ ಕಾರಂಜಿ ಬಿಡುತ್ತಿದ್ದರು, ಅವನು ದಾಟಿದ ಕೂಡಲೇ ಬಂದ್ ಮಾಡುತ್ತಿದ್ದರು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು ಇದು.”

ಧಂತೋಲಿಯ ನಿವೃತ್ತ ವಾಲ್ವ್‌ಮನ್‌ಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಾನೊಬ್ಬನೇ.

ನಾನು ಎಣಿಸಿ ನೋಡಿದೆ. ಅವರು ಪ್ಯಾರಿಸಿನಲ್ಲಿರುವ ಭಾನುವಾರ, ಕಾರಂಜಿ ಹಾರುವ ಭಾನುವಾರವೇ ಆಗಿತ್ತು. ಏನೂ ತಿಳಿಯದೆ ಮೊದಲು ಹಾಕಿದ್ದೇ ಸರಿಯಾಗಿತ್ತು! ಸೋಮವಾರ ಹೋದರೆ ಕಾಕಾ ಒಣಗಿದ ತೊಟ್ಟಿಗಳ ಸುತ್ತ ಪ್ರದಕ್ಷಿಣೆ ಹಾಕಿ ಬರಬೇಕು. ಮತ್ತೊಮ್ಮೆ ಫ್ರಾನ್ಸಿಗೆ ಹೋಗುವ ಮಾತಂತೂ ಅವರ ಜನ್ಮದಲ್ಲಿ ಇರಲಿಲ್ಲ. ಆಫೀಸಿಗೆ ಓಡಿ ಬಂದು ಸಾಹೇಬರಿಗೆ ಎಲ್ಲ ಹೇಳಿದೆ.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಅವನು ಕೇಳಿದ್ದನಾ?” ಎಂದರು. ಕೇಳಿದ್ದರು ಎಂದೆ. “ಬರೆದುಕೊಂಡಿದ್ದೆಯಾ?” ಇಲ್ಲ ಎಂದೆ. “ಈಗ ಅವನಿಗೆ ಏನಂತ ಬರೆಯುತ್ತೀ?”

ಅದೇ ನನಗೆ ತಿಳಿಯಲಿಲ್ಲ. ಭಾನುವಾರವೇ ಹೋಗಿರಿ ಎಂದು ಕಾಕಾನಿಗೆ ಬರೆದರೆ, ಯಾಕೆ ಬದಲಿಸಿದ್ದೆ ಎಂದು ಕೇಳುತ್ತಾರೆ, ಕಾಕುವಿನ ಗುಟ್ಟು ಹೊರಬೀಳುತ್ತದೆ. ಬೀಳಲಿ ಎಂದರೂ ಕಾಕುವಿನ ಕಾಲು ಏಳಬೇಕಲ್ಲ. ಗುರುತು ಪರಿಚಯವಿಲ್ಲದ ಊರಿನಲ್ಲಿ ಹೆಂಡತಿಯನ್ನು ಕೋಣೆಯಲ್ಲಿ ಕೂರಿಸಿ ಕಾರಂಜಿ ನೋಡಲು ಹೋಗುವ ಪೈಕಿ ಕಾಕಾ ಅಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತು, ಜೋಳದ ಭಕ್ಕರಿಯನ್ನು ತಿನ್ನದೆ ಬರೀ ಚೂರು ಮಾಡುತ್ತಿದ್ದೆ. ಅವ್ವ ಕೇಳಿ ಕೇಳಿ ನನ್ನಿಂದ ಎಲ್ಲ ಹೊರಡಿಸಿದಳು. ಕೇಳಿ, ನನ್ನ ತಾಟಿಗೆ ಇನ್ನೊಂದು ಭಕ್ಕರಿ ಹಾಕುತ್ತಾ, “ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡಿ? ಪ್ರಸ್ಥಾನ ಇಟ್ಟರಾತು,” ಎಂದಳು.

ಪ್ರಸ್ಥಾನ ಇಡುವುದು ಎಂದರೆ, ಹೊರಡಲೇಬೇಕಾದ ದಿನ ಚಲೋ ಇಲ್ಲದಿದ್ದರೆ, ಅದಕ್ಕೂ ಮುಂಚಿನ ಚಲೋ ದಿನ ನಮ್ಮದೊಂದು ಗಂಟನ್ನು ಆ ದಿಕ್ಕಿನ ಒಂದು ಮನೆಯಲ್ಲಿ ಇಡಿಸುವುದು. ಒಂದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ. ಗಂಟು ಹೋಯಿತೆಂದರೆ ನಾವೂ ಹೊರಟಂತೆಯೇ ಲೆಕ್ಕ. ಮಾರನೆಯ ದಿನ ನಾವು ಹೋಗುವುದು ಬರೀ ಗಂಟಿನ ಹಿಂದೆ. ಶನಿವಾರ ಪಶ್ಚಿಮಕ್ಕೆ ಶೂಲೆ ಇಲ್ಲ. ಹಾಗಾದರೆ ಶನಿವಾರ ಪ್ಯಾರಿಸಿನಿಂದ ವರ್ಸೇಲ್ಸಿಗೆ ಕಾಕುವಿನ ಗಂಟು ಹೋಗಬೇಕು. ಇಷ್ಟು ಹೇಳಿ ಅವ್ವ ಕೈ ತೊಳೆಯಲು ಎದ್ದಳು. ಆ ಊರಿನಲ್ಲಿ ಯಾರ ಮನೆಯಲ್ಲಿ ಇಡಿಸುವುದು ಎಂಬುದು ನನ್ನ ಪಾಲಿಗೆ ಉಳಿಯಿತು.

ಮತ್ತೆ ಪಾದ್ರಿಗಳ ಹತ್ತಿರ ಓಡಿದೆ. ವಿಷಯ ಹೇಳಿದೆ. ಶಿಲುಬೆಯ ಕೆಳಗೆ ನಿಂತು ವಾರಶೂಲೆ ವಿವರಿಸುವುದು ಸುಲಭವಲ್ಲ. ಅವರು ಗಡ್ಡ ನೀವಿಕೊಳ್ಳುತ್ತ ಪೂರ್ತಿ ಕೇಳಿದರು. “ನನ್ನ ತಂಗಿ ಆ ಊರಿನಲ್ಲೇ ಇದ್ದಾಳೆ. ವಿಧವೆ. ಒಳ್ಳೆಯವಳು, ಸ್ವಲ್ಪ ಕುತೂಹಲ ಜಾಸ್ತಿ,” ಎಂದರು. “ಗಂಟು ಒಂದು ರಾತ್ರಿ ಅವಳ ಮನೆಯಲ್ಲಿದ್ದರೆ ಸಾಕೋ? ಅದಕ್ಕೆ ಏನಾದರೂ ತಿನ್ನಿಸಬೇಕೋ?”

ಏನೂ ಬೇಡ, ನೆಲದ ಮೇಲೆ ಮಾತ್ರ ಇಡಬಾರದು ಎಂದೆ. ಅವರು ಅಲ್ಲೇ ಕುಳಿತು ತಂಗಿಗೆ ಪತ್ರ ಬರೆದರು. ಶನಿವಾರ ಬೆಳಿಗ್ಗೆ ಪ್ಯಾರಿಸಿನ ಇಂಥ ಹೋಟೆಲ್ಲಿಗೆ ಹೋಗಿ, ಸೀರೆ ಉಟ್ಟ ಹೆಂಗಸು ಕೊಟ್ಟದ್ದನ್ನು ಮಾತಾಡದೆ ಮನೆಗೆ ಒಯ್ಯಬೇಕು ಎಂದು. “ಮಾತಾಡದೆ” ಎಂಬುದರ ಕೆಳಗೆ ಎರಡು ಗೆರೆ ಎಳೆದರು.

ನಾನು ಬರೆದದ್ದು ಕಾಕುವಿಗೊಬ್ಬರಿಗೇ, ಕನ್ನಡದಲ್ಲಿ, ಪ್ಯಾರಿಸಿನ ಹೋಟೆಲ್ಲಿನ ವಿಳಾಸಕ್ಕೆ. ತಪ್ಪು ನನ್ನದು, ಕಾಕಾ ಕೇಳಿದಾಗ ನಾನು ನಕ್ಕೆ, ನೀರು ಬಿಡುವುದು ಭಾನುವಾರ ಮಾತ್ರ. ಗಂಟು ಇಡಲು ಒಂದು ಮನೆ ನೋಡಿದ್ದೇನೆ. ಕಾಕಾನಿಗೆ ನಾನು ಏನೂ ಬರೆದಿಲ್ಲ. ಹೋಗುವುದು ಬಿಡುವುದು ನಿಮ್ಮ ಮನಸ್ಸು, ಹೋಗದಿದ್ದರೂ ನಿಮ್ಮ ಮೇಲೆ ಯಾರ ಮಾತೂ ಬರದಂತೆ ನೋಡಿಕೊಳ್ಳುತ್ತೇನೆ. ಇಷ್ಟು ಬರೆಯಲು ಏಳು ಹಾಳೆ ಹರಿದೆ. ಎರಡೂ ಪತ್ರ ವಿಮಾನದ ಅಂಚೆಗೆ ಹೋದವು. ಹಡಗು ಆಗಿನ್ನೂ ಏಡನ್ ಸಹ ಮುಟ್ಟಿರಲಿಲ್ಲ.

ಆಮೇಲೆ ಕಾಯುವುದು. ಈಗಿನವರಿಗೆ ಈ ಕೆಲಸದಲ್ಲಿ ತಿಳಿಯದ ಭಾಗವೆಂದರೆ ಇದೊಂದೇ. ಈಗ ಗಿರಾಕಿ ಅಲ್ಲಿ ಚಹಾ ತಣ್ಣಗಿದ್ದರೆ ಇಲ್ಲಿ ನಿಮ್ಮ ಕೈಯೊಳಗಿನ ಫೋನು ಒದರುತ್ತದೆ. ನಮಗೆ ತಿಂಗಳುಗಟ್ಟಲೆ ಏನೂ ಗೊತ್ತಾಗುತ್ತಿರಲಿಲ್ಲ. ಭಾನುವಾರ ಬಂತು, ಹೋಯಿತು. ಆ ಸಂಜೆ ನಾನು ನಕಾಶೆಯ ಮುಂದೆ ನಿಂತೇ ಇದ್ದೆ, ಅಲ್ಲಿ ಏನಾದರೂ ಕಾಣಿಸುತ್ತದೆ ಎನ್ನುವ ಹಾಗೆ. ಎರಡು ವಾರದ ಮೇಲೆ ಅರಮನೆಯ ಚಿತ್ರದ ಒಂದು ಕಾರ್ಡು ಬಂತು. ಹಿಂದೆ ಕಾಕಾನ ಅಕ್ಷರ: “ಕ್ಷೇಮ. ಉಳಿದದ್ದು ಸಮಕ್ಷಮ.” ಆ ಕಾರ್ಡನ್ನು ಸಾಹೇಬರೂ ನಾನೂ ಬೆಳಕಿಗೆ ಹಿಡಿದು ಕೂಡ ನೋಡಿದೆವು.

ಅಷ್ಟರಲ್ಲಿ ಸಾಹೇಬರು ಆಫೀಸಿನ ಅರ್ಜಿಯ ನಮೂನೆ ಬದಲಿಸಿದ್ದರು. ನೋಡುವ ಪ್ರತಿ ಜಾಗಕ್ಕೂ ಎರಡು ಹೊಸ ಕಾಲಂ: ಯಾವ ದಿನ ನಡೆಯುತ್ತದೆ, ಮತ್ತು ಯಾವ ದಿಕ್ಕಿನಲ್ಲಿದೆ. ನಾನು ನಿವೃತ್ತನಾಗುವವರೆಗೂ ಆ ದಿಕ್ಕಿನ ಕಾಲಂ ಹಾಗೆಯೇ ಇತ್ತು. ಸೀತಾಬರ್ಡಿಯ ಮಾರವಾಡಿ ಗಿರಾಕಿಗಳು ಅದನ್ನು ನೋಡಿ, ಇದು ನಮ್ಮ ಕಷ್ಟ ತಿಳಿದ ಆಫೀಸು ಎಂದು ಹೊಗಳುತ್ತಿದ್ದರು.

ಅವರು ಮೂವರೂ ವಾಪಸಾದ ಮಾರನೆಯ ದಿನ ಕಾಕಾ ಕಾಕು ಆಫೀಸಿಗೆ ಬಂದರು. ಕಾಕಾ ಬಂದವರೇ ನನ್ನ ಕಡೆ ನೋಡದೆ ಸಾಹೇಬರ ಎದುರಿನ ಕುರ್ಚಿಯಲ್ಲಿ ಕುಳಿತು, ವಿಲಾಯತಿಯ ರಸ್ತೆಗಳ ಚರಂಡಿ ಎಷ್ಟು ಅಚ್ಚುಕಟ್ಟು ಎಂದು ಶುರು ಮಾಡಿದರು. ಕಡೆಗೆ ಕಾಕುವೇ ಬಾಯಿ ಬಿಟ್ಟರು.

“ನಿನ್ನ ಪತ್ರ ಓದಿ ಒಂದು ರಾತ್ರಿ ನಿದ್ದಿ ಮಾಡಲಿಲ್ಲ ನೋಡು. ಬೆಳಿಗ್ಗೆದ್ದು ಇವರ ಕೈಯಾಗನ ಕೊಟ್ಟೆ. ನಗ್ತಾರೇನೋ ಅಂತ ಮಾರಿ ನೋಡಿದೆ. ನಗಲಿಲ್ಲ. ಅಕ್ಕಿ ನನ್ನ ಚೀಲದಾಗ ಇತ್ತು, ಅಡಿಕಿ ಇತ್ತು. ಗಂಟು ತಾವ ಕಟ್ಟಿದ್ರು.”

“ಇಕಿ ಸಡಿಲ ಕಟ್ಟಿದ್ದಳು,” ಎಂದರು ಕಾಕಾ, ಸಾಹೇಬರಿಗೆ.

“ಆ ಪಾದ್ರಿ ತಂಗಿ ಬಂದಳು. ಭಾಳ ಮಾತಾಡ್ತಾಳ. ಆದ್ರ ಗಂಟನ್ನ ಎರಡೂ ಕೈಯಿಂದ ತಗೊಂಡಳು. ಭಾನುವಾರ ಆಕಿ ಮನಿಗೆ ಹೋಗಿ ನೋಡಿದ್ರ, ಮೇರಿ ತಾಯಿ ಚಿತ್ರದ ಮುಂದ ಇಟ್ಟು ಹೂವು ಏರಿಸಿದ್ದಳು. ನನಗ ಅಲ್ಲೇ ಅರ್ಧ ಅಂಜಿಕಿ ಹೋತು.”

ತೋಟದೊಳಗೆ ಜನವೋ ಜನ. ಎಲ್ಲರೂ ತಲೆ ಎತ್ತಿ ಕಾರಂಜಿಯ ಗೊಂಬೆಗಳನ್ನು ನೋಡುತ್ತಿದ್ದರೆ, ಕಾಕಾ ಮಾತ್ರ ನೆಲ ನೋಡುತ್ತ ನಡೆದು, ಪೊದೆಯ ಹಿಂದೆ ಒಂದು ಕಬ್ಬಿಣದ ಮುಚ್ಚಳ ಪತ್ತೆ ಮಾಡಿದ್ದರಂತೆ. ಪಕ್ಕದಲ್ಲಿ ಒಬ್ಬ ಮುದುಕ, ಉದ್ದ ಕೀಲಿ ಹಿಡಿದು ಗಡಿಯಾರ ನೋಡುತ್ತ ನಿಂತಿದ್ದ. ಕಾಕಾ ಅವನ ಮುಂದೆ ನಿಂತು, ಎರಡೂ ಕೈಯಿಂದ ಗಾಳಿಯಲ್ಲೇ ವಾಲ್ವ್ ತಿರುವಿ ತೋರಿಸಿ, ಎದೆ ಮುಟ್ಟಿಕೊಂಡರು. ಮುದುಕ ಕಾಕಾನ ಅಂಗೈ ಹಿಡಿದು, ಹೆಬ್ಬೆರಳಿನ ಬುಡದ ಜಡ್ಡು ಒತ್ತಿ ನೋಡಿದ. ತನ್ನ ಅಂಗೈಯನ್ನೂ ತೋರಿಸಿದ. ಆಮೇಲೆ ಮುಚ್ಚಳ ಎತ್ತಿ, ಕೀಲಿಯನ್ನು ಕಾಕಾನ ಕೈಗೆ ಕೊಟ್ಟ.

“ತಿರುವಿದ್ರೇನು ಕಾಕಾ?” ಎಂದು ನಾನು ಕೇಳಿದೆ. ಅಷ್ಟು ಹೊತ್ತಿಗೆ ಅವರು ನನ್ನ ಮೇಲೆ ಸಿಟ್ಟಾಗಿದ್ದಾರೋ ಇಲ್ಲವೋ ಎಂಬುದೂ ನನಗೆ ಮರೆತುಹೋಗಿತ್ತು.

ಕಾಕಾ ಕಾಕುವಿನ ಕಡೆ ಕೈ ತೋರಿಸಿದರು. ಕಾಕು ಹೇಳಿದರು.

“ಕೀಲಿ ತಗೊಂಡ್ರು, ತೂಕಾ ನೋಡಿದ್ರು. ನೋಡಿ ನನ್ನ ಕೈಯಾಗ ಕೊಟ್ರು. ‘ನೀ ತಿರುವು, ನಾ ಹೋಗಿ ನಿಂದರ್ತೀನಿ’ ಅಂದ್ರು. ನಾ ಒಲ್ಲೆ ಅಂದೆ. ಕೇಳಬೇಕಲ್ಲ! ನಡದ ಬಿಟ್ರು. ಆ ಮುದುಕ ಒಂದು ಕಡೆ ಹಿಡದಾ, ನಾ ಒಂದು ಕಡೆ ಹಿಡದೆ. ಏನು ಬಿಗಿ ಅದ ಅಂತೀ! ಸೆರಗು ಸಿಗಿಸಿ, ಜೋರು ಹಾಕಿ ತಿರುವಿದೆ. ಕೊಳವಿಯಾಗ ಗುಡುಗುಡು ಅಂತು, ನೆಲಾ ನಡುಗಿತು. ಪೊದಿ ಅಡ್ಡ, ನನಗ ಏನೂ ಕಾಣವಲ್ತು. ಬಂತೋ ಇಲ್ಲೋ ತಿಳೀವಲ್ತು. ಜೀವಾ ಕೈಯಾಗ ಹಿಡಕೊಂಡು ನಿಂತೀನಿ, ಅಷ್ಟರಾಗ ಇವರ ದನಿ ಕೇಳಸ್ತು.”

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು.

“ರಾಜನ ಅರಮನಿ ಮುಂದ, ಅಷ್ಟು ಮಂದಿ ನಡುವ ನಿಂತು, ನಮ್ಮ ಓಣಿ ಹೆಂಗಸರು ಕೊಡಾ ಹಿಡಕೊಂಡು ಒದರ್ತಾರಲ್ಲ, ಥೇಟ್ ಹಂಗ ಒದರಿದ್ರಪಾ! ‘ಬಂತು! ಬಂತು! ನಳಾ ಬಂತೂ!’”

“ಅಷ್ಟೇನೂ ಒದರಿಲ್ಲ,” ಎಂದರು ಕಾಕಾ.

“ಒದರಿದ್ರಿ,” ಎಂದರು ಕಾಕು.